ರೆಸ್ಯೂಮೆ ತಯಾರಿಸಲು ಯಾವ ಟೂಲ್ ಒಳ್ಳೆಯದು? ಓವರ್‌ಲೀಫ್, ಕ್ಯಾನ್ವಾ, ಚಾಟ್‌ಜಿಪಿಟಿ ಬಳಸಿದವರು ತಿಳಿಸಿ

ಚನ್ನಗಿರಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಪ್ಲೇಸ್‌ಮೆಂಟ್ ಶುರುವಾಗಿದೆ. ಸೀನಿಯರ್‌ಗಳು ಓವರ್‌ಲೀಫ್‌ನ (ಕೋಡ್‌ನಂತೆ ಬರೆದು ಪಿಡಿಎಫ್ ಮಾಡುವ ಲೇಟೆಕ್‌ನ ಆನ್‌ಲೈನ್ ಎಡಿಟರ್) ಒಂದು ಟೆಂಪ್ಲೇಟ್ ಕೊಟ್ಟು ಇದನ್ನೇ ತುಂಬು ಅನ್ನುತ್ತಾರೆ. ರೂಮ್‌ಮೇಟ್ ಕ್ಯಾನ್ವಾದಲ್ಲಿ ಬಣ್ಣ ಬಣ್ಣದ್ದು ಮಾಡಿದ್ದಾನೆ. ಇನ್ನೊಬ್ಬ ತನ್ನ ಬ್ರಾಂಚ್, ಸಿಜಿಪಿಎ ಕೊಟ್ಟು ಇಡೀ ರೆಸ್ಯೂಮೆಯನ್ನು ಚಾಟ್‌ಜಿಪಿಟಿಯಿಂದಲೇ ಬರೆಸಿದ್ದಾನೆ.

ನನಗೆ ಬೇಕಾಗಿರುವುದು ಸ್ವಲ್ಪ ಬೇರೆ. ಎಂಬೆಡೆಡ್, ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ ಅನಾಲಿಸ್ಟ್ ಹೀಗೆ ಮೂರು ಥರದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೂರಕ್ಕೂ ಬೇರೆ ಬೇರೆ ವರ್ಡ್ ಫೈಲ್ ಇಟ್ಟು ತಿದ್ದುತ್ತಾ ಕೂರುವುದು ತಲೆನೋವು. ಮಾಹಿತಿ ಒಂದೇ ಕಡೆ ಇದ್ದು, ಬೇಕಾದ ರೆಸ್ಯೂಮೆ ತಾನಾಗಿ ತಯಾರಾಗುವ ಸಾಫ್ಟ್‌ವೇರ್ ಇದೆಯಾ? ಕಂಪನಿಯವರ ಎಟಿಎಸ್ (ಅರ್ಜಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಅದನ್ನು ಸರಿಯಾಗಿ ಓದುತ್ತದಾ? ದುಡ್ಡು ಕೊಟ್ಟು ಕೊಳ್ಳುವ ಸ್ಥಿತಿ ಇಲ್ಲ.

ಮೈಸೂರು ಮಾರ್ಕ್‌ಡೌನ್

ಇದೆ ತಮ್ಮಾ, ಮತ್ತು ಎಲ್ಲವೂ ಪುಕ್ಕಟೆ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಹೆಚ್ಚಿನವರು ಟೆಂಪ್ಲೇಟ್‌ನಿಂದ ಶುರು ಮಾಡುತ್ತಾರೆ. ಮಾಹಿತಿಯಿಂದ ಶುರು ಮಾಡಬೇಕು.

ಜೇಸನ್ ರೆಸ್ಯೂಮೆ ಅಂತ ಒಂದು ಮುಕ್ತ ಮಾದರಿ ಇದೆ. ನಿನ್ನ ವಿವರಗಳೆಲ್ಲ ಒಂದೇ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತವೆ. ಮೂಲ ವಿವರ, ಓದು, ಕೆಲಸ, ಪ್ರಾಜೆಕ್ಟ್, ಕೌಶಲ, ಭಾಷೆ, ಒಂದೊಂದಕ್ಕೂ ಅದರದೇ ಖಾನೆ. ಮೇಲೆ ಯಾವ ಥೀಮ್ ಹಾಕಿದರೂ ಒಳಗಿನ ಮಾಹಿತಿ ಬದಲಾಗುವುದಿಲ್ಲ. ಇದೇ ದಾರಿಯದ್ದು ರೆಂಡರ್‌ಸಿವಿ. ಅದು ಪೈಥಾನ್ ಪ್ಯಾಕೇಜ್. ಯಾಮಲ್ ಅನ್ನುವ ಸರಳ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಒಂದು ಕಮಾಂಡ್ ಕೊಟ್ಟರೆ ಪಿಡಿಎಫ್ ಕೈಗೆ ಬರುತ್ತದೆ. ಜೇಸನ್‌ನ ಆವರಣ ಚಿಹ್ನೆ, ಅಲ್ಪವಿರಾಮಗಳ ಗೋಜಿಗಿಂತ ಯಾಮಲ್ ಕಣ್ಣಿಗೆ ಹಿತ. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಇದೆಲ್ಲ ಬೇಡ ಅನ್ನಿಸಿದರೆ ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತು ಹಾಕಿದ ಸಾದಾ ಟೆಕ್ಸ್ಟ್) ಬರೆದು ಪ್ಯಾಂಡಾಕ್‌ಗೆ ಕೊಡು. ಪ್ಯಾಂಡಾಕ್ 2006ರಿಂದ ಇರುವ ಗಟ್ಟಿ ಸಾಧನ. ಒಂದೇ ಫೈಲ್‌ನಿಂದ ವರ್ಡ್ ಫೈಲ್, ಪಿಡಿಎಫ್, ವೆಬ್ ಪುಟ ಮೂರನ್ನೂ ಮಾಡಿಕೊಡುತ್ತದೆ. ವರ್ಡ್‌ಗೆ ಒಂದು ಮಾದರಿ ಫೈಲ್ ತೋರಿಸಿದರೆ ಫಾಂಟ್, ಅಂಚುಗಳನ್ನು ಅದರಂತೆಯೇ ಇಡುತ್ತದೆ.

ಮೂರು ಥರದ ಕೆಲಸದ ವಿಷಯಕ್ಕೆ ಬಂದರೆ, ಮೊದಲು ಒಂದು ಮಾಸ್ಟರ್ ಫೈಲ್ ಮಾಡು. ಅದಕ್ಕೆ ಪುಟದ ಮಿತಿ ಬೇಡ. ನೀನು ಮಾಡಿದ್ದೆಲ್ಲ ಅಲ್ಲಿರಲಿ, ಕಾಲೇಜು ಫೆಸ್ಟ್‌ನಲ್ಲಿ ಸೌಂಡ್ ಸಿಸ್ಟಂ ನೋಡಿಕೊಂಡದ್ದೂ ಸೇರಿ. ಪ್ರತಿ ಸಾಲಿಗೂ ಒಂದು ಗುರುತು ಹಾಕು: ಎಂಬೆಡೆಡ್, ಟೆಸ್ಟಿಂಗ್, ಡೇಟಾ. ಆ ಗುರುತಿನ ಪ್ರಕಾರ ಸಾಲುಗಳನ್ನು ಆರಿಸಿ ಹೊಸ ಫೈಲ್ ಮಾಡುವ ಪುಟ್ಟ ಪೈಥಾನ್ ಪ್ರೋಗ್ರಾಂ ನೀನೇ ಬರೆಯಬಹುದು. ಫೋನ್ ನಂಬರ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಫೈಲ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇಟ್ಟರೆ ಯಾವ ಕಂಪನಿಗೆ ಯಾವ ರೂಪ ಕಳಿಸಿದ್ದೆ ಅನ್ನುವ ದಾಖಲೆಯೂ ಸಿಗುತ್ತದೆ. ರೆಪೊ, ಅಂದರೆ ಆ ಫೈಲ್‌ಗಳ ಸಂಗ್ರಹ, ಪ್ರೈವೇಟ್ ಆಗಿರಲಿ.

ನೇಮಕಾತಿ ಮೇಜಿನಿಂದ

ಬೆಂಗಳೂರಿನಲ್ಲಿ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಟಿಎಸ್ ಬಗ್ಗೆ ಹುಡುಗರಲ್ಲಿ ಇರುವ ಭಯ ನೋಡಿ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಟಿಎಸ್ ಅಂದರೆ ಅರ್ಜಿಗಳನ್ನು ಸಂಗ್ರಹಿಸಿ ಇಡುವ ಡೇಟಾಬೇಸ್. ವರ್ಕ್‌ಡೇ, ಗ್ರೀನ್‌ಹೌಸ್, ಲೆವರ್ ಮುಂತಾದವು ಹೆಸರುವಾಸಿ. ನೀವು ಫೈಲ್ ಹಾಕಿದಾಗ ಅದರಲ್ಲಿರುವ ಅಕ್ಷರಗಳನ್ನು ಹೊರತೆಗೆದು ಹೆಸರು, ಮೇಲ್, ಕಾಲೇಜು, ಕೆಲಸ ಅಂತ ಖಾನೆಗೆ ಹಾಕಲು ನೋಡುತ್ತದೆ. ಆಮೇಲೆ ನಮ್ಮಂಥವರು ಕೂತು ‘ಎಂಬೆಡೆಡ್ ಸಿ’ ಅಂತಲೋ ‘ಸೆಲೆನಿಯಂ’ ಅಂತಲೋ ಹುಡುಕುತ್ತೇವೆ. ಹೊರತೆಗೆಯುವಾಗಲೇ ಅಕ್ಷರ ಕೆಟ್ಟಿದ್ದರೆ ಹುಡುಕಾಟದಲ್ಲಿ ನೀವು ಸಿಗುವುದೇ ಇಲ್ಲ. ಯಾರೂ ನಿಮ್ಮನ್ನು ತಿರಸ್ಕರಿಸಿರುವುದಿಲ್ಲ, ನೀವು ಅಲ್ಲಿದ್ದೀರಿ ಅಂತಲೇ ಗೊತ್ತಾಗಿರುವುದಿಲ್ಲ.

ಕ್ಯಾಂಪಸ್ ಅರ್ಜಿಗಳಲ್ಲಿ ತಾನಾಗಿಯೇ ಹೊರಬೀಳುವವರು ಸಾಮಾನ್ಯವಾಗಿ ರೆಸ್ಯೂಮೆಯ ಅಂದಚೆಂದದಿಂದ ಹೊರಬೀಳುವುದಿಲ್ಲ. ಫಾರಂನಲ್ಲಿ ಕೇಳುವ ಪ್ರಶ್ನೆಗಳಿರುತ್ತವಲ್ಲ, ಎಸ್ಎಸ್ಎಲ್‌ಸಿ ಮತ್ತು ಪಿಯುಸಿಯಲ್ಲಿ ಎಷ್ಟು, ಬ್ಯಾಕ್‌ಲಾಗ್ ಇದೆಯಾ, ಯಾವ ವರ್ಷದ ಬ್ಯಾಚ್ ಅಂತ, ಅಲ್ಲಿಯೇ ಸೋಸಲಾಗುತ್ತದೆ. ಅದನ್ನು ಯಾವ ಟೂಲೂ ಸರಿಮಾಡಲು ಆಗುವುದಿಲ್ಲ. ‘ನಿಮ್ಮ ರೆಸ್ಯೂಮೆಯ ಎಟಿಎಸ್ ಅಂಕ ಇಷ್ಟು, ಪಾಸಾಗಲು ಇಷ್ಟು ಕಟ್ಟಿ’ ಅನ್ನುವ ವೆಬ್‌ಸೈಟ್‌ಗಳ ಅಂಕಕ್ಕೂ ಕಂಪನಿಯ ಒಳಗಿನ ವ್ಯವಸ್ಥೆಗೂ ಸಂಬಂಧ ಇಲ್ಲ. ಒಂದೊಂದು ವೆಬ್‌ಸೈಟ್ ತನ್ನದೇ ಲೆಕ್ಕದಲ್ಲಿ ಅಂಕ ಕೊಡುತ್ತದೆ.

ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅನ್ನುವುದಷ್ಟೇ ಇರುತ್ತದೆ. ಯಾವ ಸಾಲಿನ ನಂತರ ಯಾವ ಸಾಲು ಓದಬೇಕು ಅನ್ನುವುದನ್ನು ಓದುವ ಸಾಫ್ಟ್‌ವೇರ್ ಊಹಿಸಬೇಕು. ಎರಡು ಕಾಲಂ ಇದ್ದರೆ ಎಡಗಡೆಯ ಅರ್ಧ ಸಾಲಿಗೆ ಬಲಗಡೆಯ ಅರ್ಧ ಸಾಲು ಅಂಟಿಕೊಳ್ಳಬಹುದು. ಕಾಲೇಜಿನ ಹೆಸರಿನ ಪಕ್ಕ ‘ಪೈಥಾನ್, ಸಿ, ಚೆಸ್’ ಅಂತ ಬಂದದ್ದನ್ನು ನೋಡಿದ್ದೇನೆ. ಫೋನ್ ನಂಬರನ್ನು ವರ್ಡ್‌ನ ಹೆಡರ್‌ನಲ್ಲಿ ಇಟ್ಟರೆ ಕೆಲವು ಪಾರ್ಸರ್‌ಗಳು (ಫೈಲ್‌ನಿಂದ ಅಕ್ಷರ ಹೊರತೆಗೆದು ವಿಂಗಡಿಸುವ ಸಾಫ್ಟ್‌ವೇರ್) ಓದುವುದಿಲ್ಲ. ಕೌಶಲಕ್ಕೆ ಐದರಲ್ಲಿ ನಾಲ್ಕು ಚುಕ್ಕಿ ಹಾಕಿದ್ದು ಮಷೀನ್‌ಗೂ ಅರ್ಥವಾಗಲ್ಲ, ನನಗೂ ಅರ್ಥವಾಗಲ್ಲ. ಕ್ಯಾನ್ವಾದಿಂದ ಪಿಡಿಎಫ್ ಇಳಿಸುವಾಗ ‘ಫ್ಲಾಟನ್’ ಟಿಕ್ ಮಾಡಬೇಡಿ. ಅಕ್ಷರವೆಲ್ಲ ಚಿತ್ರವಾಗಿಬಿಡುತ್ತದೆ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಸರಿಯಾದ ಕ್ರಮದಲ್ಲಿ ಓದಲು ಬಂದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಬರುತ್ತದೆ.

ಚನ್ನಗಿರಿ ಹುಡುಗ

ಮೇಡಂ, ತುಂಬಾ ಥ್ಯಾಂಕ್ಸ್. ಸೀನಿಯರ್ ಕೊಟ್ಟ ಲೇಟೆಕ್ ಟೆಂಪ್ಲೇಟ್‌ನ ಪಿಡಿಎಫ್ ಅನ್ನು ಈಗಲೇ ಅಂಟಿಸಿ ನೋಡಿದೆ. ಕ್ರಮ ಸರಿಯಿದೆ. ಆದರೆ ‘ವೆರಿಫಿಕೇಶನ್’ ಇಂಗ್ಲಿಷ್ ಪದದ ನಡುವೆ ಇರುವ ಎಫ್ ಮತ್ತು ಐ ಅಕ್ಷರಗಳೇ ಮಾಯ. ‘ಸರ್ಟಿಫಿಕೇಟ್’ ಪದದಲ್ಲೂ ಹಾಗೇ. ಕಣ್ಣಿಗೆ ಪುಟ ಪಕ್ಕಾ ಕಾಣುತ್ತದೆ.

ಮೈಸೂರು ಮಾರ್ಕ್‌ಡೌನ್

ಅದು ಕೂಡಕ್ಷರದ ತೊಂದರೆ. ಲೇಟೆಕ್ ಎಫ್-ಐ ಎರಡನ್ನೂ ಸೇರಿಸಿ ಒಂದೇ ಅಚ್ಚಾಗಿ ಮೂಡಿಸುತ್ತದೆ. ಆ ಅಚ್ಚು ಯಾವ ಅಕ್ಷರಗಳಿಗೆ ಸಮ ಅನ್ನುವ ಪಟ್ಟಿ ಪಿಡಿಎಫ್ ಒಳಗೆ ಇಲ್ಲದಿದ್ದರೆ ಕೆಲವು ಓದುಗ ಸಾಫ್ಟ್‌ವೇರ್‌ಗಳು ಅದನ್ನು ಬಿಟ್ಟುಬಿಡುತ್ತವೆ. ಟೆಂಪ್ಲೇಟ್ ಮೇಲ್ಭಾಗದಲ್ಲಿ ‘ಗ್ಲಿಫ್ ಟು ಯೂನಿಕೋಡ್’ ಫೈಲನ್ನು ಇನ್‌ಪುಟ್ ಮಾಡುವ ಸಾಲು, ಅದರ ಕೆಳಗೆ ‘ಪಿಡಿಎಫ್ ಜೆನ್ ಟು ಯೂನಿಕೋಡ್’ ಬೆಲೆಯನ್ನು 1 ಮಾಡುವ ಸಾಲು ಸೇರಿಸು. ‘ಜೇಕ್ಸ್ ರೆಸ್ಯೂಮೆ’ ಅಂತ ಓವರ್‌ಲೀಫ್‌ನಲ್ಲಿ ಎಲ್ಲರೂ ಬಳಸುವ ಟೆಂಪ್ಲೇಟ್‌ನಲ್ಲಿ ಈ ಎರಡೂ ಸಾಲು ಮೊದಲೇ ಇವೆ. ಇದು ಪಿಡಿಎಫ್‌ಲೇಟೆಕ್ ಅನ್ನುವ ಲೇಟೆಕ್ ಇಂಜಿನ್‌ನಲ್ಲಿ ನಡೆಯುವ ಉಪಾಯ. ಇನ್ನೊಂದು ಇಂಜಿನ್ ಆದ ಕ್ಸೀಲೇಟೆಕ್‌ಗೆ ಹಾಕಿದರೆ ಎರರ್ ಬರುತ್ತದೆ.

ಲಿನಕ್ಸ್ ಇದ್ದರೆ ಪಿಡಿಎಫ್‌ನಿಂದ ಅಕ್ಷರ ಹೊರತೆಗೆಯುವ ‘ಪಿಡಿಎಫ್‌ಟುಟೆಕ್ಸ್ಟ್’ ಕಮಾಂಡ್ ಹಾಕಿ ನೋಡು. ಪಾಪ್ಲರ್ ಅನ್ನುವ ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರುತ್ತದೆ. ನಿನ್ನ ಪೈಥಾನ್ ಪ್ರೋಗ್ರಾಂ ಕೊನೆಯಲ್ಲಿ ಇದನ್ನೂ ಸೇರಿಸಿದರೆ ಹೊಸ ಪಿಡಿಎಫ್ ಆದಾಗಲೆಲ್ಲ ಪರೀಕ್ಷೆಯೂ ತಾನಾಗಿ ಆಗುತ್ತದೆ.

ಪೀಣ್ಯ ಐಟಿಐ ಮೇಷ್ಟ್ರು

ಇಲ್ಲಿ ಎಲ್ಲ ಇಂಜಿನಿಯರಿಂಗ್ ಹುಡುಗರ ಮಾತೇ ನಡೆಯುತ್ತಿದೆ. ನನ್ನ ಹುಡುಗರ ಕಡೆಯಿಂದಲೂ ಒಂದು ಮಾತು ಕೇಳಿ. ಐಟಿಐ, ಡಿಪ್ಲೊಮಾ ಮುಗಿಸಿದವರು ಡಿಟಿಪಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ಹಿಂದಿನ ಹುಡುಗನ ಫೈಲ್ ತೆರೆದು ಹೆಸರು, ಅಪ್ಪನ ಹೆಸರು, ಅಂಕ ಬದಲಿಸಿ ಪ್ರಿಂಟ್ ಕೊಡುತ್ತಾರೆ. ‘ಕೆರಿಯರ್ ಆಬ್ಜೆಕ್ಟಿವ್’ ಎಲ್ಲರದ್ದೂ ಒಂದೇ. ಕೆಳಗೆ ‘ಮೇಲಿನ ವಿವರಗಳು ಸತ್ಯ’ ಅನ್ನುವ ಘೋಷಣೆಯೂ ಒಂದೇ.

ಈಗ ಫೋನ್ ಆ್ಯಪ್‌ಗಳು ಬಂದಿವೆ, ಚೆಂದವಾಗಿ ಮಾಡಿಕೊಡುತ್ತವೆ. ಆದರೆ ಕಾರ್ಖಾನೆಯ ಸೂಪರ್‌ವೈಸರ್ ಕೇಳುವುದನ್ನು ಅವು ಕೇಳುವುದಿಲ್ಲ. ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ಓಡಿಸಿದ್ದೀಯಾ, ಟರ್ನಿಂಗ್ ಸೆಂಟರಾ? ಫಾನಕ್ ಕಂಟ್ರೋಲಾ, ಸೀಮೆನ್ಸಾ? ಆಫ್‌ಸೆಟ್ ನೀನೇ ಹಾಕುತ್ತೀಯಾ, ಸೆಟ್ಟರ್ ಹಾಕಿಕೊಟ್ಟರೆ ಬರೀ ಲೋಡ್ ಮಾಡುತ್ತೀಯಾ? ಡ್ರಾಯಿಂಗ್ ಓದಲು ಬರುತ್ತದಾ? ಮೈಕ್ರೋಮೀಟರ್, ಬೋರ್ ಗೇಜ್ ಹಿಡಿದು ಅಳತೆ ತೆಗೆದಿದ್ದೀಯಾ? ಇಷ್ಟು ಐದಾರು ಸಾಲಿನಲ್ಲಿ ಇದ್ದರೆ ಸಾಕು, ಅವರು ಫೋನ್ ಮಾಡಿ ಕರೆಯುತ್ತಾರೆ. ಆ್ಯಪ್‌ನಲ್ಲಿ ಅದರ ಬದಲು ‘ಹವ್ಯಾಸ’ ಅಂತ ಖಾನೆ ಇರುತ್ತದೆ. ಹುಡುಗರು ‘ಹಾಡು ಕೇಳುವುದು’ ಅಂತ ತುಂಬುತ್ತಾರೆ.

ನಾನೀಗ ನನ್ನ ಟ್ರೇಡ್‌ನ ಹುಡುಗರಿಗೆ ಗೂಗಲ್ ಫಾರಂ ಮಾಡಿದ್ದೇನೆ. ಮೇಲಿನ ಪ್ರಶ್ನೆಗಳೆಲ್ಲ ಅದರಲ್ಲಿವೆ, ಕನ್ನಡದಲ್ಲಿ. ಉತ್ತರಗಳು ಶೀಟ್‌ಗೆ ಬರುತ್ತವೆ. ಅಲ್ಲಿಂದ ವರ್ಡ್‌ನ ಮೇಲ್ ಮರ್ಜ್ ಮಾಡಿ ಇಡೀ ಬ್ಯಾಚಿಗೆ ಒಂದೊಂದು ಪುಟದ ರೆಸ್ಯೂಮೆ ತೆಗೆಯುತ್ತೇನೆ. ಹಳೇ ತಂತ್ರ, ಆದರೆ ಪ್ರಶ್ನೆ ನಮ್ಮದಾದ್ದರಿಂದ ಚೆನ್ನಾಗಿ ನಡೆಯುತ್ತದೆ. ಬೇರೆ ಊರಿನ ಐಟಿಐ ಮೇಷ್ಟ್ರುಗಳು ಯಾರಾದರೂ ಇದ್ದರೆ ಫಾರಂ ಕೊಡುತ್ತೇನೆ. ವೆಲ್ಡರ್, ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಪ್ರಶ್ನೆಗಳನ್ನು ನೀವು ಸೇರಿಸಬೇಕು.

ಟೆಸ್ಟಿಂಗ್ ಅಕ್ಕ

ಮೇಷ್ಟ್ರೇ, ಈ ಚರ್ಚೆಯಲ್ಲಿ ನನಗೆ ಅತಿ ಇಷ್ಟವಾದದ್ದು ನಿಮ್ಮ ಮಾತು. ಟೂಲ್ ಏನು ಕೇಳುತ್ತದೆ ಅನ್ನುವುದೇ ಮುಖ್ಯ. ಚಾಟ್‌ಜಿಪಿಟಿ ವಿಷಯದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ತಂಡಕ್ಕೆ ಸಂದರ್ಶನ ಮಾಡುತ್ತೇನೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಅದಾದ ಮೇಲೆ ಬರುವ ರೆಸ್ಯೂಮೆಗಳ ಇಂಗ್ಲಿಷ್ ಚೆನ್ನಾಗಿದೆ, ಆದರೆ ಎಲ್ಲವೂ ಒಬ್ಬರೇ ಬರೆದಂತಿವೆ. ಪ್ರತಿಯೊಬ್ಬರೂ ಏನನ್ನೋ ‘ಮುನ್ನಡೆಸಿ’ರುತ್ತಾರೆ. ಪ್ರತಿಯೊಬ್ಬರೂ ದಕ್ಷತೆಯನ್ನು ಶೇಕಡಾ 40 ಹೆಚ್ಚಿಸಿರುತ್ತಾರೆ. ನಾನು ‘ಈ 40 ಎಲ್ಲಿಂದ ಬಂತು, ಮೊದಲು ಎಷ್ಟಿತ್ತು, ಹೇಗೆ ಅಳೆದಿರಿ’ ಅಂತ ಕೇಳುತ್ತೇನೆ. ಮುಖ ಬಿಳಿಚಿಕೊಳ್ಳುತ್ತದೆ. ಒಳ್ಳೆಯ ಕೆಲಸ ಮಾಡಿದ ಹುಡುಗಿಯೂ ಅಲ್ಲಿ ತಡವರಿಸುತ್ತಾಳೆ. ಆ ಅಂಕಿ ಅವಳದ್ದಲ್ಲ, ಮಷೀನ್ ಸೇರಿಸಿದ್ದು. ಅಲ್ಲಿಂದ ಮುಂದೆ ಅವಳು ಹೇಳಿದ ನಿಜವನ್ನೂ ನಂಬುವುದು ನನಗೆ ಕಷ್ಟವಾಗುತ್ತದೆ. ಇದು ಆ ಹುಡುಗಿಗೆ ಆಗುವ ಅನ್ಯಾಯ, ಮತ್ತು ತಪ್ಪಿಸಬಹುದಾದ ಅನ್ಯಾಯ.

ಚನ್ನಗಿರಿ ತಮ್ಮಾ, ನಿನ್ನ ಪ್ರಾಜೆಕ್ಟ್ ಏನು ಅಂತ ಹೇಳು. ಇಲ್ಲೇ ಮಾಡಿ ನೋಡೋಣ.

ಚನ್ನಗಿರಿ ಹುಡುಗ

ಅಕ್ಕ, ತೋಟದ ಬೋರ್‌ವೆಲ್ ಪಂಪ್‌ಗೆ ಕಂಟ್ರೋಲರ್ ಮಾಡಿದ್ದೇವೆ. ಚಾಟ್‌ಜಿಪಿಟಿ ಅದನ್ನು ಹೀಗೆ ಬರೆದುಕೊಟ್ಟಿದೆ, ಕನ್ನಡದಲ್ಲಿ ಹೇಳುವುದಾದರೆ: ‘ಅತ್ಯಾಧುನಿಕ ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ ಪರಿಹಾರವನ್ನು ಮುನ್ನಡೆಸಿ, ನೀರಿನ ಬಳಕೆಯ ದಕ್ಷತೆಯನ್ನು 35% ಹೆಚ್ಚಿಸಿ, ರೈತರ ಬದುಕನ್ನು ಬದಲಿಸಿದೆ.’

ಟೆಸ್ಟಿಂಗ್ ಅಕ್ಕ

ಇದರಲ್ಲಿ ನೀನು ಏನು ಮಾಡಿದೆ ಅನ್ನುವುದು ಒಂದು ಅಕ್ಷರವೂ ಇಲ್ಲ. ಯಾವ ಚಿಪ್? ಸಿಂಗಲ್ ಫೇಸಾ, ತ್ರೀ ಫೇಸಾ? ಫೇಸ್ ಹೋದರೆ ಏನಾಗುತ್ತದೆ? ಬೋರ್‌ನಲ್ಲಿ ನೀರು ನಿಂತರೆ ಮೋಟಾರ್ ಸುಡದಂತೆ ಏನು ಮಾಡಿದ್ದೀರಿ? ತಂಡದಲ್ಲಿ ನಿನ್ನ ಪಾಲು ಯಾವುದು?

ಚನ್ನಗಿರಿ ಹುಡುಗ

ಈಎಸ್‌ಪಿ32, ತ್ರೀ ಫೇಸ್. ತೋಟಕ್ಕೆ ಯಾವ ಹೊತ್ತಿಗೆ ಕರೆಂಟ್ ಕೊಡುತ್ತಾರೆ ಅನ್ನುವುದು ಬದಲಾಗುತ್ತಾ ಇರುತ್ತದೆ, ರಾತ್ರಿ ಕೊಟ್ಟರೆ ಎದ್ದು ಹೋಗಬೇಕು. ಅದಕ್ಕೆ ಮೂರೂ ಫೇಸ್ ಬಂದ ತಕ್ಷಣ ಜಿಎಸ್‌ಎಂ ಮಾಡ್ಯೂಲ್ ಎಸ್‌ಎಂಎಸ್ ಕಳಿಸುತ್ತದೆ, ವಾಪಸ್ ಮೆಸೇಜ್ ಹಾಕಿದರೆ ಪಂಪ್ ಆನ್. ಒಂದು ಫೇಸ್ ಹೋದರೂ ರಿಲೇ ಬಿಡುತ್ತದೆ. ನೀರು ನಿಂತರೆ ಮೋಟಾರ್ ಎಳೆಯುವ ಕರೆಂಟ್ ಇಳಿಯುತ್ತದಲ್ಲ, ಅದನ್ನು ಸೆನ್ಸರ್‌ನಿಂದ ಅಳೆದು ಆಫ್ ಮಾಡುತ್ತೇವೆ. ಕರೆಂಟ್ ಅಳೆಯುವ ಭಾಗ ಮತ್ತು ಕೋಡ್ ನನ್ನದು. ಬೋರ್ಡ್ ಗೆಳೆಯನದ್ದು.

ಟೆಸ್ಟಿಂಗ್ ಅಕ್ಕ

ನೋಡು, ರೆಸ್ಯೂಮೆ ಇಲ್ಲೇ ಇದೆ! ‘ತ್ರೀ ಫೇಸ್ ಬೋರ್‌ವೆಲ್ ಪಂಪ್‌ಗೆ ಈಎಸ್‌ಪಿ32 ಕಂಟ್ರೋಲರ್. ಮೋಟಾರ್ ಕರೆಂಟ್ ಅಳೆದು ಡ್ರೈ ರನ್ ಪತ್ತೆ ಮಾಡುವ ಭಾಗ ಮತ್ತು ಫರ್ಮ್‌ವೇರ್ ನಾನು ಬರೆದೆ. ಫೇಸ್ ಹೋದಾಗ ತಾನಾಗಿ ಆಫ್, ಎಸ್‌ಎಂಎಸ್ ಮೂಲಕ ಆನ್.’ ಎಂಬೆಡೆಡ್ ರೆಸ್ಯೂಮೆಗೆ ಇದನ್ನೇ ಇಂಗ್ಲಿಷ್‌ನಲ್ಲಿ ಹಾಕು. ಟೆಸ್ಟಿಂಗ್ ರೆಸ್ಯೂಮೆಯಲ್ಲಿ ಫೇಸ್ ತೆಗೆದು, ಸಿಗ್ನಲ್ ಇಲ್ಲದ ಕಡೆ ಇಟ್ಟು ಹೇಗೆಲ್ಲ ಪರೀಕ್ಷಿಸಿದಿರಿ ಅನ್ನುವುದು ಮೇಲೆ ಬರಲಿ. ಡೇಟಾ ಕೆಲಸಕ್ಕೆ, ಅಳೆದ ಕರೆಂಟನ್ನು ಎಲ್ಲಾದರೂ ಉಳಿಸಿ ಗ್ರಾಫ್ ಮಾಡಿದ್ದರೆ ಮಾತ್ರ ಹಾಕು. ಇಲ್ಲದಿದ್ದರೆ ಬೇಡ.

ನಾನು ಈಗ ಮಾಡಿದ್ದನ್ನು ಚಾಟ್‌ಜಿಪಿಟಿಯೂ ಮಾಡಬಲ್ಲದು, ನೀನು ಹಾಗೆ ಹೇಳಿದರೆ. ‘ನನಗೆ ರೆಸ್ಯೂಮೆ ಬರೆದುಕೊಡು’ ಅನ್ನಬೇಡ. ‘ಈ ಕೆಲಸದ ಪ್ರಕಟಣೆ ಓದಿ, ನನ್ನ ಪ್ರಾಜೆಕ್ಟ್ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳು. ನಾನು ಹೇಳದ ಯಾವ ಅಂಕಿ, ಯಾವ ಟೂಲ್ ಹೆಸರನ್ನೂ ಸೇರಿಸಬೇಡ’ ಅನ್ನು. ಉತ್ತರ ಕನ್ನಡದಲ್ಲೇ ಕೊಡು, ತಲೆಯಲ್ಲಿರುವುದು ಸಲೀಸಾಗಿ ಹೊರಬರುತ್ತದೆ. ಕೊನೆಗೆ ಇಂಗ್ಲಿಷ್ ವಾಕ್ಯ ತಿದ್ದಲು ಅದು ನಿಜಕ್ಕೂ ಒಳ್ಳೆಯ ಸಹಾಯ. ಕನ್ನಡ ಮೀಡಿಯಂನಿಂದ ಬಂದವರಿಗೆ ಈ ಸಹಾಯ ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಆಮೇಲೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಇದರ ಬಗ್ಗೆ ಎರಡು ನಿಮಿಷ ಮಾತಾಡಬಲ್ಲೆನಾ ಅಂತ ನೋಡಿಕೊ.

ಮ್ಯೂನಿಕ್ ಕನ್ನಡಿಗ

ಹೊರದೇಶಕ್ಕೆ ಅರ್ಜಿ ಹಾಕುವವರಿಗೆ ಒಂದು ಮಾತು. ಮಾಸ್ಟರ್ ಫೈಲ್ ಒಂದೇ ಇರಲಿ, ಥೀಮ್ ಬದಲಿಸಿ. ಅಮೆರಿಕಕ್ಕೆ ಫೋಟೋ, ಹುಟ್ಟಿದ ದಿನ, ಮದುವೆ ವಿವರ ಹಾಕಬೇಡಿ. ಜರ್ಮನಿಯಲ್ಲಿ ಫೋಟೋ ಹಾಕುವ ರೂಢಿ ಇನ್ನೂ ಇದೆ, ಆದರೆ 2006ರ ಸಮಾನತೆ ಕಾನೂನು ಬಂದ ಮೇಲೆ ಕಡ್ಡಾಯವಾಗಿ ಕೇಳುವುದು ನಿಂತಿದೆ. ಯೂರೋಪಾಸ್ ಅಂತ ಯುರೋಪಿಯನ್ ಒಕ್ಕೂಟದ್ದೇ ಪುಕ್ಕಟೆ ಸಿವಿ ಸಾಧನ ಇದೆ. 2020ರಲ್ಲಿ ಹೊಸ ರೂಪದಲ್ಲಿ ಬಂತು. ವಿಶ್ವವಿದ್ಯಾಲಯ, ಸ್ಕಾಲರ್‌ಶಿಪ್ ಅರ್ಜಿಗೆ ಚೆನ್ನಾಗಿದೆ. ಖಾಸಗಿ ಕಂಪನಿಗಳಿಗೆ ಸರಳವಾದ ಸಿವಿಯೇ ಮೇಲು ಅಂತ ನನ್ನ ಅಭಿಪ್ರಾಯ.

ಓಪನ್‌ಸೋರ್ಸ್ ಓದುಗ

ಯಾರೂ ಎತ್ತದ ವಿಷಯ. ‘ಫ್ರೀ ರೆಸ್ಯೂಮೆ’ ಅನ್ನುವ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಎಲ್ಲ ತುಂಬಿದ ಮೇಲೆ, ಇಳಿಸಿಕೊಳ್ಳುವಾಗ ಕಾರ್ಡ್ ಕೇಳುತ್ತಾರೆ. ಮೊದಲು ಸಣ್ಣ ಮೊತ್ತ, ಆಮೇಲೆ ಪ್ರತಿ ತಿಂಗಳು ಕಡಿತ. ನನ್ನ ತಂಗಿಗೆ ಹೀಗಾಗಿತ್ತು. ಅಂಥದ್ದಕ್ಕೆ ಹೋಗುವ ಬದಲು ರಿಯಾಕ್ಟಿವ್ ರೆಸ್ಯೂಮೆ ನೋಡಿ, ಓಪನ್ ಸೋರ್ಸ್. ಓಪನ್‌ರೆಸ್ಯೂಮೆ ಅಂತ ಇನ್ನೊಂದಿದೆ. ಅದು ಬ್ರೌಸರ್ ಒಳಗೇ ಕೆಲಸ ಮಾಡುತ್ತದೆ, ಪಿಡಿಎಫ್ ಹಾಕಿದರೆ ಪಾರ್ಸರ್ ಏನು ಓದಿತು ಅನ್ನುವುದನ್ನೂ ತೋರಿಸುತ್ತದೆ.

ಮತ್ತೆ, ಆಧಾರ್ ನಂಬರ್, ಪ್ಯಾನ್, ಮನೆಯ ಪೂರ್ತಿ ವಿಳಾಸವನ್ನು ರೆಸ್ಯೂಮೆಯಲ್ಲಿ ಹಾಕಲೇಬೇಡಿ. ಊರು, ಫೋನ್, ಮೇಲ್ ಸಾಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿರುವುದು ನಿಜ. ಆದರೂ ಹತ್ತು ಪೋರ್ಟಲ್‌ಗೆ ಹೋದ ಪಿಡಿಎಫ್ ಅನ್ನು ವಾಪಸ್ ಪಡೆಯಲು ಆಗುವುದಿಲ್ಲ.

ಹುಬ್ಬಳ್ಳಿ ಕೋಡರ್

ಬಿಳಿ ಬಣ್ಣದ ಸಣ್ಣ ಅಕ್ಷರದಲ್ಲಿ ಕೀವರ್ಡ್ ತುಂಬಿಸಿದರೆ ಎಟಿಎಸ್‌ನಲ್ಲಿ ಮೇಲೆ ಬರುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಮಾಡಬಹುದಾ? ಮತ್ತೆ ಎಐ ತಾನೇ ಅಂಕ ಕೊಟ್ಟು ಆರಿಸುತ್ತದೆ ಅಂತಾರಲ್ಲ, ಅದು?

ನೇಮಕಾತಿ ಮೇಜಿನಿಂದ

ಬೇಡಿ. ಹೊರತೆಗೆದ ಟೆಕ್ಸ್ಟ್‌ನಲ್ಲಿ ಬಣ್ಣ ಇರುವುದಿಲ್ಲ. ನೀವು ಬಚ್ಚಿಟ್ಟದ್ದೆಲ್ಲ ನಮಗೆ ಸಾಲಾಗಿ ಕಾಣುತ್ತದೆ.

ಅಂಕ ಕೊಡುವ ವ್ಯವಸ್ಥೆಗಳು ಇರುವುದು ಹೌದು, ಅವುಗಳ ಬಗ್ಗೆ ಎಚ್ಚರವೂ ಬೇಕು. ಅಮೆಜಾನ್ 2014ರಿಂದ ಇಂಥದ್ದೊಂದನ್ನು ಕಟ್ಟಲು ಹೊರಟಿತ್ತು. ಹತ್ತು ವರ್ಷಗಳ ರೆಸ್ಯೂಮೆಗಳನ್ನು ಅದಕ್ಕೆ ಓದಿಸಿದ್ದರು, ಹೆಚ್ಚಿನವು ಗಂಡಸರವು. ‘ಮಹಿಳಾ’ ಅನ್ನುವ ಪದ ಕಂಡರೆ, ಉದಾಹರಣೆಗೆ ಮಹಿಳಾ ಚೆಸ್ ಕ್ಲಬ್ ನಾಯಕಿ, ಅಂಕ ಇಳಿಸುತ್ತಿತ್ತು. ಕೊನೆಗೆ ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಇದನ್ನು ವರದಿ ಮಾಡಿತು. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಇಂಥ ಸಾಧನ ಬಳಸುವವರು ಪಕ್ಷಪಾತ ಇದೆಯಾ ಅಂತ ಹೊರಗಿನವರಿಂದ ತಪಾಸಣೆ ಮಾಡಿಸಲೇಬೇಕು, ಅರ್ಜಿದಾರರಿಗೆ ತಿಳಿಸಲೂಬೇಕು. ನಮ್ಮಲ್ಲೂ ಅಂಥ ನಿಯಮ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕರಾವಳಿ ಅನುವಾದಕಿ

ನನ್ನದು ಬೇರೆ ಸಮಸ್ಯೆ. ಅನುವಾದ, ಪ್ರೂಫ್ ನೋಡುವ ಕೆಲಸಕ್ಕೆ ಕನ್ನಡದಲ್ಲೇ ಪರಿಚಯಪತ್ರ ಕಳಿಸಬೇಕು. ಮೇಲೆ ಹೇಳಿದ ನೋಟ್‌ಪ್ಯಾಡ್ ಪರೀಕ್ಷೆ ಮಾಡಿದರೆ ಹಳೇ ನುಡಿ ಫೈಲ್‌ನ ಪಿಡಿಎಫ್‌ನಲ್ಲಿ ‘ಕನ್ನಡ’ ಅನ್ನುವ ಪದವೇ ಪೌಂಡ್ ಗುರುತು ಸೇರಿದ ರೋಮನ್ ಅಕ್ಷರಗಳ ಗುಂಪಾಗಿ ಬರುತ್ತದೆ. ಯೂನಿಕೋಡ್‌ನಲ್ಲಿ ಮಾಡಿದ್ದರಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ.

ಮೈಸೂರು ಮಾರ್ಕ್‌ಡೌನ್

ಮೇಡಂ, ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಕನ್ನಡ ಬರೀ ಕಣ್ಣಿಗೆ ಮಾತ್ರ, ಒಳಗಿರುವುದು ಬೇರೆ ಸಂಕೇತ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಮೇಲಿನ ತೊಂದರೆ ಏನೆಂದರೆ, ಕನ್ನಡದಲ್ಲಿ ಟೈಪ್ ಮಾಡಿದ ಕ್ರಮ ಬೇರೆ, ಪುಟದ ಮೇಲೆ ಕಾಣುವ ಕ್ರಮ ಬೇರೆ. ‘ಕರ್ನಾಟಕ’ದಲ್ಲಿ ಮೊದಲು ಟೈಪ್ ಆದ ‘ರ್’ ಪುಟದಲ್ಲಿ ‘ನಾ’ ಆದ ಮೇಲೆ ಕೂರುತ್ತದೆ. ಪಿಡಿಎಫ್ ಅಚ್ಚಿನ ಕ್ರಮವನ್ನಷ್ಟೇ ಇಟ್ಟುಕೊಂಡರೆ ಕಾಪಿ ಮಾಡುವಾಗ ಕಲಸಿಹೋಗುತ್ತದೆ. ಇದಕ್ಕೆ ಪಿಡಿಎಫ್‌ನಲ್ಲಿ ‘ಆಕ್ಚುವಲ್‌ಟೆಕ್ಸ್ಟ್’ ಅನ್ನುವ ಏರ್ಪಾಡು ಇದೆ. ಅಚ್ಚಿನ ಜೊತೆಗೆ ಮೂಲ ಪಠ್ಯವನ್ನೂ ಇಡುತ್ತದೆ. ಕ್ಸೀಲೇಟೆಕ್ ಬಳಸುವುದಾದರೆ ‘ಕ್ಸೀಟೆಕ್ ಜನರೇಟ್ ಆಕ್ಚುವಲ್‌ಟೆಕ್ಸ್ಟ್’ ಅನ್ನುವುದನ್ನು 1 ಮಾಡಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿ. ಇಷ್ಟೆಲ್ಲ ಬೇಡವಾದರೆ ಕನ್ನಡದ ಮಟ್ಟಿಗೆ ವರ್ಡ್ ಫೈಲ್ ಕಳಿಸುವುದೇ ಸುರಕ್ಷಿತ. ಅದರಲ್ಲಿ ಯೂನಿಕೋಡ್ ಪಠ್ಯ ಟೈಪ್ ಮಾಡಿದ ಕ್ರಮದಲ್ಲೇ ಇರುತ್ತದೆ.

ಕರಾವಳಿ ಅನುವಾದಕಿ

ಕ್ಸೀಲೇಟೆಕ್‌ನಲ್ಲಿ ಆ ಸಾಲು ಹಾಕಿ ನೋಡಿದೆ. ‘ಕರ್ನಾಟಕ’, ‘ವಿಶ್ವವಿದ್ಯಾಲಯ’, ‘ಭಾಷಾಂತರ’ ಎಲ್ಲವೂ ನೋಟ್‌ಪ್ಯಾಡ್‌ಗೆ ಸರಿಯಾಗಿ ಬಂದವು. ಪಿಡಿಎಫ್ ಒಳಗೆ ಹುಡುಕಿದರೂ ಸಿಗುತ್ತಿವೆ. ಇನ್ನು ಮೇಲೆ ಎರಡನ್ನೂ ಕಳಿಸುತ್ತೇನೆ, ಪಿಡಿಎಫ್ ಮತ್ತು ವರ್ಡ್. ನುಡಿ ಫೈಲೇ ಬೇಕು ಅನ್ನುವ ಪ್ರಕಾಶಕರಿಗೆ ಪರಿವರ್ತಿಸಿ ಕೊಡುತ್ತೇನೆ. ಲೇಟೆಕ್‌ನಂಥದ್ದೇ ಇನ್ನೊಂದು ಸಾಧನವಾದ ಟೈಪ್ಸ್ಟ್‌ನಲ್ಲಿ ಕನ್ನಡ ಪಿಡಿಎಫ್ ಮಾಡಿ ಇದೇ ಪರೀಕ್ಷೆ ನೋಡಿದವರು ಇದ್ದರೆ ಫಲಿತಾಂಶ ಇಲ್ಲಿ ಹಾಕಿ.